ತಿರುಗುವ ಜೋಕಾಲಿಗೆ ಮೂರು ಸ್ಟಾರ್, ಎರಡು ಕಳೆದದ್ದು ಸ್ವಿವೆಲ್‌ನಿಂದ

ಜೋಕಾಲಿಯ ಬಟ್ಟೆ ಗಟ್ಟಿಯಾಗಿದೆ. ಹಗ್ಗವೂ ಸವೆದಿಲ್ಲ. ಆದರೆ ಚಾವಣಿಯ ಕೊಕ್ಕೆಗೂ ಹಗ್ಗಕ್ಕೂ ನಡುವೆ ಕೂತು ಜೋಕಾಲಿ ಸರಾಗ ಸುತ್ತಲು ಬಿಡುವ ತಿರುಗುಕೀಲು, ಅಂದರೆ ಸ್ವಿವೆಲ್ ಇದೆಯಲ್ಲ, ಅದೊಂದೇ ನಮ್ಮನ್ನು ಗೋಳು ಹುಯ್ದುಕೊಂಡಿತು. ಒಂದೂವರೆ ವರ್ಷದ ಮೇಲೆ ಬಳಸಿ ಬರೆಯುತ್ತಿದ್ದೇನೆ. ಅಳತೆ, ಬಣ್ಣ, ಎಷ್ಟು ಕೆಜಿ ತಡೆಯುತ್ತದೆ ಅನ್ನೋದೆಲ್ಲ ಆನ್‌ಲೈನ್‌ನಲ್ಲೇ ಇದೆ, ನೋಡಿಕೊಳ್ಳಿ.

ಮಗನಿಗೆ ಆರು ವರ್ಷ, ಆಟಿಸಂ ಇದೆ. ಮೊದಲು ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ತೋರಿಸಿದೆವು. ಈಗ ಮನೆ ಹತ್ತಿರದ ಆಕ್ಯುಪೇಷನಲ್ ಥೆರಪಿಸ್ಟ್ (ಆಟ, ದಿನನಿತ್ಯದ ಕೆಲಸಗಳ ಮೂಲಕ ಥೆರಪಿ ಕೊಡುವವರು) ಮೇಡಂ ನೋಡುತ್ತಾರೆ. ಹಾಲ್ ಮಧ್ಯೆ ನಿಂತು ಬುಗುರಿ ಥರ ಸುತ್ತುವುದು ಅವನ ಅಭ್ಯಾಸ. ಹತ್ತು ಸುತ್ತು ಹಾಕಿದರೆ ನಾನು ಗೋಡೆ ಹಿಡಿಯಬೇಕು, ಅವನು ನೆಟ್ಟಗೆ ಅಡುಗೆಮನೆಗೆ ಓಡುತ್ತಾನೆ. ಮಂಡ್ಯದಿಂದ ಬಂದಾಗಲೆಲ್ಲ ನಮ್ಮತ್ತೆಯದು ಒಂದೇ ಪ್ರಶ್ನೆ: "ತಲೆ ತಿರುಗಾಕಿಲ್ವೇನ್ಲಾ ಮಗ?"

ಮೇಡಂ ಕಾರಣ ಹೇಳಿದರು. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳು, ಅದರೊಳಗೆ ದ್ರವ. ತಿರುಗುವುದು ನಿಂತ ಮೇಲೂ ಆ ದ್ರವ ಒಂದಷ್ಟು ಹೊತ್ತು ಓಡುತ್ತಿರುತ್ತದೆ. ಅದಕ್ಕೇ ಕಣ್ಣುಗುಡ್ಡೆ ಅತ್ತಿತ್ತ ಹೊಡೆದುಕೊಳ್ಳುವುದು. ಕೆಲವು ಆಟಿಸಂ ಮಕ್ಕಳಲ್ಲಿ ಇದು ಕಡಿಮೆ, ನಮ್ಮವನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಸುತ್ತಿದ್ದು ಸಾಕು ಅಂತ ಅವನಿಗೆ ಅನ್ನಿಸುವುದೇ ಇಲ್ಲ. ಕಣ್ಣು, ಕಿವಿ, ಮೈಯಿಂದ ಬರುವ ಸಂವೇದನೆಗಳನ್ನು ಮೆದುಳು ಹೊಂದಿಸಿಕೊಳ್ಳುವ ಬಗೆ, ಅಂದರೆ ಸೆನ್ಸರಿ ಇಂಟಿಗ್ರೇಷನ್ ಅನ್ನೋ ಈ ವಿಚಾರವನ್ನು ಬೆಳೆಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್, 1960-70ರ ದಶಕಗಳಲ್ಲಿ.

ಸಂಜೆ ಸ್ಕೂಲಿಂದ ಬಂದು, ತಿಂದದ್ದು ಅರಗಿದ ಮೇಲೆ ನಮ್ಮ ಕಾರ್ಯಕ್ರಮ. ಜೋಕಾಲಿ ಕೆಳಗೆ ಹಳೇ ಹಾಸಿಗೆ ಎಳೆದುಕೊಂಡು ಬರುವುದು ಅವನದೇ ಕೆಲಸ. ಹಾಸಿಗೆ ಹಾಕಿದ ಅಂದರೆ ಇವತ್ತು ಬೇಕು ಅಂತ ಅರ್ಥ. ಹಾಕದಿದ್ದರೆ ನಾನು ಕರೆಯುವುದಿಲ್ಲ, ಬಲವಂತ ಕೂಡದು ಅಂತ ಮೇಡಂ ಹೇಳಿದ್ದಾರೆ. ಹೊಟ್ಟೆ ಮೇಲೆ ಮಲಗಿ ಎರಡೂ ಕೈಯಲ್ಲಿ ಅಂಚು ಹಿಡಿಯುತ್ತಾನೆ. ಎರಡು ಸೆಕೆಂಡಿಗೆ ಒಂದು ಸುತ್ತು, ಜೋರಾಗಿ ಎಣಿಸುತ್ತಾ ತಿರುಗಿಸುತ್ತೇನೆ. ಹತ್ತಕ್ಕೆ ನಿಲ್ಲಿಸಿ ಕೆಳಗೆ ಕೂತು ಅವನ ಕಣ್ಣು ನೋಡುತ್ತೇನೆ. ಆಮೇಲೆ ಇನ್ನೊಂದು ದಿಕ್ಕಿಗೆ. ಒಂಬತ್ತು ಅಂದ ಕೂಡಲೇ ನನ್ನ ಬಾಯಿಯನ್ನೇ ನೋಡುತ್ತಾ ಕಾಯುತ್ತಾನೆ. ಹೆಸರು ಹಿಡಿದು ಕೂಗಿದರೂ ತಿರುಗದ ಹುಡುಗ! ಕೊಟ್ಟ ದುಡ್ಡೆಲ್ಲ ಆ ಒಂದು ನೋಟಕ್ಕೇ ಸಂದಾಯ ಅಂದುಕೊಂಡಿದ್ದೇನೆ. ಕೊನೆಗೆ ಮೈಗೆ ಭಾರದ ಕೆಲಸ ಕೊಡಬೇಕು. ಅಕ್ಕಿ ಚೀಲ ದಬ್ಬುತ್ತಾನೆ, ಇಲ್ಲಾ ರೊಟ್ಟಿ ಹಿಟ್ಟು ನಾದುತ್ತಾನೆ.

ಇನ್ನು ಸ್ವಿವೆಲ್ ಕಥೆ. ನಾಲ್ಕು ತಿಂಗಳಿಗೆ ಕಿರ್ರ್ ಅನ್ನಲು ಶುರು. ಬೇರೆ ಮನೆಯಲ್ಲಾದರೆ ಇದೊಂದು ದೂರೇ ಅಲ್ಲ. ನಮ್ಮವನು ಮಿಕ್ಸಿ ಹಾಕಿದರೆ ಮಂಚದ ಕೆಳಗೆ ಸೇರುವ ಮಗು. ಕಿವಿ ಮುಚ್ಚಿಕೊಂಡರೆ ಅಂಚು ಹಿಡಿಯಲು ಕೈ ಇಲ್ಲ, ಅಂಚು ಹಿಡಿದರೆ ಕಿವಿ ಮುಚ್ಚಲು ಕೈ ಇಲ್ಲ. ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡು, ಇನ್ನೊಂದಕ್ಕೆ ಕೈ ಇಟ್ಟುಕೊಂಡು, ಅಳುತ್ತಾ ಆದರೂ ಹತ್ತುತ್ತಿದ್ದ. ಸಂವೇದನೆಯ ತೊಂದರೆ ಇರುವ ಮಕ್ಕಳಿಗೆ ಅಂತಲೇ ಮಾರುವವರು ಶಬ್ದದ ಬಗ್ಗೆ ಯೋಚಿಸಬೇಡವಾ? ಕಂಪನಿಗೆ ವಿಡಿಯೋ ಕಳಿಸಿದೆ. ಎಣ್ಣೆ ಹಾಕಿ ಅಂದರು, ಅಷ್ಟೇ.

ಎಣ್ಣೆ ಹಾಕಿದ್ದಾಯಿತು. ಶಬ್ದ ನಿಂತು ಬೇರೆ ತಲೆನೋವು ಬಂತು, ಸ್ವಿವೆಲ್ ಕಚ್ಚಿಕೊಳ್ಳತೊಡಗಿತು. ಸ್ವಿವೆಲ್ ತಿರುಗದಿದ್ದರೆ ಹಗ್ಗ ಹುರಿಗೊಳ್ಳುತ್ತದೆ. ಕೈ ಬಿಟ್ಟ ಕೂಡಲೇ ಅದೇ ಹುರಿ ಉಲ್ಟಾ ಬಿಚ್ಚಿಕೊಂಡು ಮಗುವನ್ನು ಗಿರ್ರನೆ ತಿರುಗಿಸುತ್ತದೆ. ವೇಗ ನಮ್ಮ ಕೈಯಲ್ಲಿ ಇರಲ್ಲ, ಎಣಿಕೆಗೂ ಸಿಗಲ್ಲ. ಒಂದು ದಿನ ಅವನ ಮುಖ ಬಿಳಿಚಿಕೊಂಡು, ಹಣೆ ಬೆವೆತು, ಮೇಲಿಂದ ಮೇಲೆ ಆಕಳಿಕೆ ಬಂತು. ಅತಿಯಾಯಿತು ಅನ್ನೋದಕ್ಕೆ ಇವೇ ಗುರುತು. ತಕ್ಷಣ ಇಳಿಸಿದೆ. ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ, ನಾವೂ ಮಾಡಲಿಲ್ಲ.

ನಮ್ಮವರು ಅದನ್ನು ಬನ್ನಿಮಂಟಪದ ಕಡೆ ಪರಿಚಯದ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದರು. ಒಳಗಿದ್ದದ್ದು ಮುಚ್ಚಳವಿಲ್ಲದ ಬೇರಿಂಗ್, ಗ್ರೀಸ್ ತುಂಬಾ ಧೂಳು. "ಸಾರ್, ಇದು ಮಕ್ಕಳ ಭಾರಕ್ಕೆ ಹಾಕೋದಲ್ಲ" ಅಂದರಂತೆ. ಕೊನೆಗೆ ಬಂಡೆ ಹತ್ತುವವರು ಬಳಸುವ, ಸೀಲ್ ಮಾಡಿದ ಬೇರಿಂಗ್‌ನ ಸ್ವಿವೆಲ್ ಬೇರೆ ತರಿಸಿದೆವು. ಜೋಕಾಲಿಗೆ ನಾಲ್ಕೂವರೆ ಸಾವಿರ, ಇದಕ್ಕೆ ಎರಡು ಸಾವಿರ ದಂಡ. ಒಬ್ಬರ ಸಂಬಳದ ಮನೆಯಲ್ಲಿ ಎರಡು ಸಾವಿರ ಅಂದರೆ ಥೆರಪಿ ಫೀಸಿಗೆ ಕೈ ಹಾಕಿದ ಹಾಗೆ. ಆದರೂ ಈಗ ಸದ್ದಿಲ್ಲ, ಹುರಿ ಇಲ್ಲ. ಜೋಕಾಲಿ ಮೇಲಿದ್ದ ನನ್ನ ಅರ್ಧ ಸಿಟ್ಟು ಇಳಿದಿದೆ.

ಡಬ್ಬದ ಮೇಲೆ 'ಮಾತು ಬರುತ್ತದೆ, ಏಕಾಗ್ರತೆ ಹೆಚ್ಚುತ್ತದೆ' ಅಂತೆಲ್ಲ ಬರೆದಿದ್ದಾರೆ. ನಂಬಬೇಡಿ. ಸೆನ್ಸರಿ ಥೆರಪಿಗಳಿಗೆ ಸಂಶೋಧನೆಯ ಆಧಾರ ಸೀಮಿತ, ಅದನ್ನು ಪೋಷಕರಿಗೆ ತಿಳಿಸಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ನಮ್ಮಲ್ಲಿ ಜೋಕಾಲಿಯಿಂದ ಮಾತು ಬಂದಿಲ್ಲ. ಜೋಕಾಲಿ ಆದ ದಿನ ಊಟಕ್ಕೆ ಒಂದೇ ಕಡೆ ಕೂರುತ್ತಾನೆ, ಅಷ್ಟು. ನನಗೆ ಅದು ಸಣ್ಣದಲ್ಲ.

ಫಿಟ್ಸ್ ಇರುವ ಮಗುವಾದರೆ ಡಾಕ್ಟರನ್ನು ಕೇಳದೆ ತಿರುಗಿಸಲೇಬೇಡಿ. ಮಲಗುವ ಹೊತ್ತಿಗೆ ತಿರುಗಿಸುವುದು ಬೇಡ, ಆಗ ಹಿಂದೆ ಮುಂದೆ ಮೆಲ್ಲಗೆ ತೂಗಿದರೆ ಸಾಕು. ಫ್ಯಾನ್ ಕೊಕ್ಕೆಗಂತೂ ಕಟ್ಟಬೇಡಿ, ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಚಾವಣಿಗೆ ಆಂಕರ್ ಬೋಲ್ಟ್ ಹೊಡೆಸಿ. ಬಾಡಿಗೆ ಮನೆಯಾದರೆ ಆರ್ಡರ್ ಮಾಡುವ ಮೊದಲೇ ಓನರ್ ಹತ್ತಿರ ಮಾತಾಡಿ. ನಮ್ಮ ಓನರ್ ಆಂಟಿ, ಖಾಲಿ ಮಾಡುವಾಗ ತೂತು ಮುಚ್ಚಿ ಬಣ್ಣ ಹೊಡೆಸಿಕೊಡಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿದ್ದಾರೆ.