ಮಗಳು ಓದುವಾಗಲೇ ಬಡ್ಡಿ ಕಟ್ಟುತ್ತಿದ್ದೇವೆ: ಮಂಡ್ಯದ ಒಂದು ಬ್ಯಾಂಕ್ ಶಾಖೆಯ ಎಜುಕೇಶನ್ ಲೋನ್ ಅನುಭವ

ಮಗಳು ಇಂಜಿನಿಯರಿಂಗ್ ಸೇರಿದ್ದು 2023ರಲ್ಲಿ, ಮೈಸೂರಿನ ಒಂದು ಕಾಲೇಜಿಗೆ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 1,58,000 ರೂಪಾಯಿ. ನಾವು ಮಂಡ್ಯದ ಸುಭಾಷ್ ನಗರದವರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ನಮ್ಮ ಯಜಮಾನರು ಅನುದಾನಿತ ಶಾಲೆಯಲ್ಲಿ ಮೇಷ್ಟ್ರು. ಹತ್ತಿರದ ಸರ್ಕಾರಿ ಬ್ಯಾಂಕಿನಲ್ಲಿ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ ಮಾಡಿದೆವು. ಸಾಲ 4 ಲಕ್ಷ ದಾಟಿದ್ದರಿಂದ ಫೀಸಿನಲ್ಲಿ ನೂರಕ್ಕೆ ಐದು ರೂಪಾಯಿ ನಮ್ಮ ಕೈಯಿಂದ ಹಾಕಬೇಕಾಯಿತು. ಏಳೂವರೆ ಲಕ್ಷದ ಒಳಗೇ ಇದ್ದದ್ದರಿಂದ ಮನೆಪತ್ರ ಅಡ ಇಡಿ ಅಂತ ಕೇಳಲಿಲ್ಲ. ಅರ್ಜಿ ಹಾಕಿದ್ದು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. ಅಲ್ಲಿಯವರೆಗೂ ಎಲ್ಲ ಸಲೀಸಾಗಿ ನಡೆಯಿತು, ಆ ಶಾಖೆಯವರನ್ನು ಅದಕ್ಕೆ ಮೆಚ್ಚಲೇಬೇಕು.

ಸಹಿ ಹಾಕುವ ದಿನ ನಾನು ಮ್ಯಾನೇಜರನ್ನು ಕೇಳಿದೆ, "ಸಾರ್, ಬಡ್ಡಿ ಯಾವಾಗಿಂದ ಕಟ್ಟಬೇಕು?" ಅವರು, "ಈಗೇನೂ ಕಟ್ಟೋದು ಬೇಡ ಬುಡಿ ಮೇಡಂ. ಓದು ಮುಗಿದು ಇನ್ನೊಂದು ವರ್ಷದವರೆಗೂ ಟೈಮಿದೆ. ಮಗಳು ಕೆಲಸಕ್ಕೆ ಸೇರಿದ ಮೇಲೆ ನೋಡ್ಕಂಡ್ರಾಯ್ತು" ಅಂದರು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಟ್ಟದಿದ್ದರೂ ಬಡ್ಡಿ ಮೊದಲ ದಿನದಿಂದಲೇ ಬೀಳುತ್ತದೆ, ಕೊನೆಗೆ ಅಷ್ಟೂ ಅಸಲಿಗೆ ಸೇರುತ್ತದೆ ಅನ್ನುವ ಮಾತನ್ನು ಅವರು ಹೇಳಲಿಲ್ಲ.

ಹೇಳಿದ್ದು ಕೌಂಟರಿನಲ್ಲಿದ್ದ ಒಬ್ಬ ಹುಡುಗಿ, ಆರು ತಿಂಗಳಾದ ಮೇಲೆ. ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋಗಿದ್ದೆ. "ಅಕ್ಕ, ಈ ಬಡ್ಡಿ ಆಗಿಂದಾಗ್ಗೆ ಕಟ್ಟಿಬಿಡಿ. ಓದುವಾಗ ಕಟ್ಟೋರಿಗೆ ನಮ್ಮಲ್ಲಿ ಬಡ್ಡಿ ದರದಲ್ಲಿ ಒಂದು ಪರ್ಸೆಂಟ್ ಕಮ್ಮಿ ಮಾಡ್ತಾರೆ" ಅಂದಳು. ಅವತ್ತು ರಾತ್ರಿ ಬ್ಲೌಸ್ ಕಟಿಂಗಿಗೆ ಇಟ್ಟುಕೊಂಡಿದ್ದ ಹಳೇ ಪೇಪರ್ ಮೇಲೆ, ಗುರುತು ಹಾಕುವ ಚಾಕಿನಲ್ಲೇ ಲೆಕ್ಕ ಹಾಕಿದೆ. ಬ್ಯಾಂಕು ಕಾಲೇಜಿಗೆ ಕೊಡುವುದು ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ಕಂತು. ಬಡ್ಡಿ ನೂರಕ್ಕೆ ಹತ್ತು ಅಂತಿಟ್ಟುಕೊಂಡರೆ ಮೊದಲ ವರ್ಷ 15,000, ಆಮೇಲೆ 30,000, 45,000, 60,000. ಓದು ಮುಗಿದ ಮೇಲಿನ ಆ ಒಂದು ವರ್ಷಕ್ಕೆ ಇನ್ನೊಂದು 60,000. ಒಟ್ಟು 2,10,000. ಆರು ಲಕ್ಷ ತಂದವರು ಎಂಟು ಲಕ್ಷ ಹತ್ತು ಸಾವಿರಕ್ಕೆ ಕಂತು ಕಟ್ಟಬೇಕು! ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 10,700. ಬಡ್ಡಿಯನ್ನು ಈಗಲೇ ತೀರಿಸುತ್ತಾ ಹೋದರೆ ಸುಮಾರು 7,900. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ತಿಂಗಳಿಗೆ 2,800 ಅಂದರೆ ಸಣ್ಣ ಮೊತ್ತವಲ್ಲ. ಮಾರನೇ ದಿನವೇ ಹೋಗಿ ಬಾಕಿ 7,500 ಕಟ್ಟಿ, ತಿಂಗಳಿಗೆ 1,250 ತಾನಾಗೇ ಕಟ್ ಆಗುವಂತೆ ಬರೆದುಕೊಟ್ಟು ಬಂದೆವು.

ತೆರಿಗೆ ವಿಷಯವನ್ನೂ ಹೇಳಬೇಕು. ಈ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ (1961ರ ಕಾಯ್ದೆಯಲ್ಲಿ ಅದು ಸೆಕ್ಷನ್ 80ಇ), ಇಷ್ಟೇ ಅನ್ನುವ ಮಿತಿ ಇಲ್ಲ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಎಂಟು ವರ್ಷ ಲೆಕ್ಕ, ಹಾಗಾಗಿ ನಮ್ಮ ಎಣಿಕೆ ಆಗಲೇ ಓಡುತ್ತಿದೆ. ಸಾಲದಲ್ಲಿ ಯಜಮಾನರ ಹೆಸರೂ ಇರುವುದರಿಂದ ಬಡ್ಡಿ ಅವರ ಸಂಬಳದ ಖಾತೆಯಿಂದ ಹೋಗುತ್ತದೆ. ಅದರ ಬದಲು ಹಾಲು, ತರಕಾರಿ, ಗ್ಯಾಸು ನನ್ನ ಹೊಲಿಗೆ ದುಡ್ಡಿನಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಬ್ಲೌಸೂ ಇಲ್ಲ. ಅದಕ್ಕೇ ವೈಶಾಖದಲ್ಲಿ ಬಂದದ್ದನ್ನು ಪಿಗ್ಮಿಗೆ ಹಾಕಿ ಇಟ್ಟುಕೊಳ್ಳುತ್ತೇನೆ. ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿರುವ ಮನೆಯವರು ಮಾತ್ರ ಮೊದಲು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಸಿಗುತ್ತದಾ ಅಂತ ವಿಚಾರಿಸಿ. ನಮ್ಮದು ಆ ಮಿತಿ ದಾಟಿತ್ತು.

ಈಗ ನನಗೆ ಬೇಜಾರಾದ ವಿಷಯ. 2024ರಲ್ಲಿ ಎರಡನೇ ಕಂತು ಕಾಲೇಜಿಗೆ ಹೋಯಿತು. ಅಸಲು ಮೂರು ಲಕ್ಷವಾಯಿತು, ತಿಂಗಳ ಬಡ್ಡಿ 2,500 ಆಯಿತು. ಆದರೆ ಖಾತೆಯಿಂದ ಕಟ್ ಆಗುತ್ತಿದ್ದದ್ದು ಅದೇ 1,250. ಪ್ರತಿ ತಿಂಗಳೂ 1,250 ಹೋಯಿತು ಅಂತ ಮೆಸೇಜ್ ಬರುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ನಾಲ್ಕು ತಿಂಗಳ ಮೇಲೆ ಸ್ಟೇಟ್‌ಮೆಂಟ್ ತೆಗೆಸಿದರೆ 5,000 ಬಾಕಿ, ಜೊತೆಗೆ ಬಡ್ಡಿ ರಿಯಾಯಿತಿಯೂ ನಿಂತಿತ್ತು. ಯಾರೂ ಒಂದು ಫೋನ್ ಮಾಡಿರಲಿಲ್ಲ. ಮೂರು ಸಲ ಅಲೆದೆ. ಎರಡು ಸಲ "ಸಿಸ್ಟಂ ಹಂಗೇ ತಗೊಳ್ಳುತ್ತೆ" ಅನ್ನುವ ಉತ್ತರ. ಮೂರನೇ ಸಲ ಕನ್ನಡದಲ್ಲೇ ಅರ್ಜಿ ಬರೆದು, ಸೀಲ್ ಹಾಕಿಸಿಕೊಂಡು ಬಂದೆ. ಎರಡು ವಾರದಲ್ಲಿ ರಿಯಾಯಿತಿ ಮತ್ತೆ ಶುರುವಾಯಿತು, ಆ ನಾಲ್ಕು ತಿಂಗಳದ್ದು ಮಾತ್ರ ವಾಪಸ್ ಬರಲಿಲ್ಲ. ತೆರಿಗೆಗೆ ಬೇಕಾದ ಬಡ್ಡಿ ಸರ್ಟಿಫಿಕೇಟಿಗೂ ಮಾರ್ಚಿನಲ್ಲಿ ಇದೇ ಅಲೆದಾಟ. ಫೆಬ್ರವರಿಯಲ್ಲೇ ಕೇಳಿಬಿಡುವುದು ವಾಸಿ.

ಸಾಲಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಶಾಖೆಯ ಸೇವೆಗೆ ಮೂರು. ಆ ಮೂರರಲ್ಲಿ ಎರಡು ಕೌಂಟರಿನ ಆ ಹುಡುಗಿಗೆ ಸೇರಬೇಕು. ಅವಳಿಗೆ ಈಗ ಬೇರೆ ಊರಿಗೆ ವರ್ಗವಾಗಿದೆ. ಅವಳು ನನಗೆ ಹೇಳಿದ ಆ ಎರಡು ಮಾತನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ ಅಂತ ಮ್ಯಾನೇಜರಿಗೆ ಹೇಳಿ ಬಂದಿದ್ದೇನೆ, ಇನ್ನೂ ಅಂಟಿಸಿಲ್ಲ. ಸಾಲ ತೆಗೆಯುವವರು ಪ್ರತಿ ಕಂತು ಬಿಡುಗಡೆಯಾದ ವಾರವೇ ಹೋಗಿ ಕಟ್ ಆಗುವ ಮೊತ್ತ ಬದಲಾಯಿಸಿಕೊಳ್ಳಿ.

ಮೂರನೇ ಕಂತಿಗೆ ನಾನು ಹಾಗೇ ಮಾಡಿದೆ, ಈಗ ತಿಂಗಳಿಗೆ 3,750. ದೀಪಾವಳಿಗೆ ಮಗಳು ಬಂದಿದ್ದಾಗ ಸ್ಟೇಟ್‌ಮೆಂಟ್ ಕೈಗೆ ಕೊಟ್ಟೆ. ಬೆರಳಿಟ್ಟು ಮೇಲಿನಿಂದ ಕೊನೆಯವರೆಗೂ ಓದಿದಳು. ಕೊನೆಯ ಸಾಲಿನಲ್ಲಿ ಬಾಕಿ 4,50,000 ಅಂತಿತ್ತು, ಒಂದು ರೂಪಾಯಿ ಹೆಚ್ಚಿರಲಿಲ್ಲ.