ಹಳೆಯ ಜೀಪಿನ ಅಡಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಕೊಳ್ಳಬೇಡಿ

ಹವ್ಯಾಸಕ್ಕೆಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಲ್ಲಿನ ಇಳಿಜಾರಿನಲ್ಲಿ ನನ್ನ ಜೀಪಿನ ಹಿಂಬದಿಯ ಸ್ಪ್ರಿಂಗ್ ಚಾಸಿಸ್‌ನಿಂದ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಚೌಕಟ್ಟಿನಿಂದ, ಕಿತ್ತುಬಂದಾಗ ಪಕ್ಕದ ಸೀಟಿನಲ್ಲಿ ನನ್ನ ಮಗಳು ಕುಳಿತಿದ್ದಳು. ನಡಿಗೆಯ ವೇಗದಲ್ಲಿ ಇಳಿಯುತ್ತಿದ್ದೆವು, ಮಗ್ಗುಲಲ್ಲಿ ದಿಬ್ಬವಿತ್ತು. ಗಾಡಿ ಅದಕ್ಕೆ ಒರಗಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಅದರ ಹಿಂದಿನ ದಿನವೇ ಅದೇ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿದ್ದೆ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಕೊಳ್ಳುವ ದಿನ ನಾನು ಮನಸ್ಸಿಟ್ಟು ನೋಡಿದ್ದು ಎಂಜಿನ್ ಒಂದನ್ನೇ. ಹೊಗೆಯಿಲ್ಲ, ಸದ್ದು ಸಮವಾಗಿದೆ, ಬಾಡಿಯ ಮೇಲೆ ಒಂದು ನೆಗ್ಗೂ ಇಲ್ಲ. ಬಗ್ಗಿ ಅಡಿಭಾಗವನ್ನೂ ನೋಡಿದೆ. ಮುಂದಿನಿಂದ ಹಿಂದಿನವರೆಗೆ ದಪ್ಪನೆಯ, ಮಿರಿಮಿರಿ ಮಿಂಚುವ ಕಪ್ಪು ಲೇಪನ. ತುಕ್ಕು ಹಿಡಿಯದಿರಲೆಂದು ಮೊನ್ನೆಯಷ್ಟೇ ಹೊಡೆಸಿದ್ದು ಎಂದರು ಮಾರಿದವರು. ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಅವರ ಮೇಲೆ ಗೌರವವೇ ಹುಟ್ಟಿತು. ಮಾರುವ ಗಾಡಿಗೆ ಮಾರುವ ಮುನ್ನಾ ವಾರ ಇಷ್ಟೊಂದು ಆರೈಕೆ ಏಕೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆ ಲೇಪನವನ್ನು ಉಳಿಯಿಂದ ಕೆರೆದರು. ಅದರಡಿ ಫೈಬರ್ ಹಾಳೆ, ಹಾಳೆಯಡಿ ಪುಟ್ಟಿ, ಪುಟ್ಟಿಯಡಿ ಅಂಗೈ ಅಗಲದ ತೂತು. ಅದರ ಪಕ್ಕದಲ್ಲೇ ಗಟ್ಟಿಯಾಗಿ ಕಾಣುತ್ತಿದ್ದ ಕಡೆ ಸ್ಕ್ರೂಡ್ರೈವರ್ ಇಟ್ಟು ಒತ್ತಲು ನನಗೆ ಹೇಳಿದರು. ಒತ್ತಿದೆ, ಹಿಡಿಯ ತನಕ ಒಳಗಿಳಿಯಿತು. ಹೊರಗೆಳೆದಾಗ ಒದ್ದೆ ಮಣ್ಣು ಬುಳಬುಳನೆ ಸುರಿಯಿತು, ಮಣ್ಣಿನ ಜೊತೆ ಪದರ ಪದರವಾಗಿ ಎದ್ದ ತುಕ್ಕಿನ ಚಕ್ಕೆಗಳು. ಒಂದು ಚಕ್ಕೆಯನ್ನು ಬೆರಳ ನಡುವೆ ತಿಕ್ಕಿದರೆ ಪುಡಿಯಾಯಿತು. ಇಡೀ ಗಾಡಿಯ ಭಾರ ಹೊರುತ್ತಿದ್ದದ್ದು ಅದೇ ಲೋಹ.

ಇಂಥ ಗಾಡಿಗಳ ಚಾಸಿಸ್‌ನ ಉದ್ದ ತೊಲೆಗಳು ಬಹುಮಟ್ಟಿಗೆ ಒಳಗೆ ಟೊಳ್ಳು. ಕೆಸರಿನಲ್ಲಿ, ಹಳ್ಳದಲ್ಲಿ ಓಡಿಸಿದಾಗ ಮಣ್ಣು ನೀರು ಒಳಸೇರುತ್ತವೆ. ನೀರು ಬಸಿಯಲೆಂದು ಇಟ್ಟ ಸಣ್ಣ ರಂಧ್ರಗಳು ಮುಚ್ಚಿಕೊಂಡರೆ ಆ ಹಸಿ ಮಣ್ಣು ತಿಂಗಳುಗಟ್ಟಲೆ ಅಲ್ಲೇ ಕುಳಿತು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಎಷ್ಟು ಬಳಿದರೂ ಅದು ನಿಲ್ಲುವುದಿಲ್ಲ. ತುಕ್ಕಿನ ಮೇಲೆಯೇ ಬಳಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಇನ್ನಷ್ಟು ಬೇಗ ಕೊಳೆಯುತ್ತದೆ. ಸ್ಪ್ರಿಂಗ್ ಸಿಕ್ಕಿಸುವ ಕೊಂಡಿಗಳ ಬುಡ, ಹಿಂದಿನ ಅಡ್ಡತೊಲೆ, ಬಾಡಿ ಕೂರುವ ಬೋಲ್ಟುಗಳ ಸುತ್ತ ಮೊದಲು ನೋಡಿ.

ಬಾಡಿ ಚೆನ್ನಾಗಿದೆ ಎಂಬುದನ್ನು ಪುರಾವೆಯೆಂದು ತಿಳಿಯಬೇಡಿ. 1948ರಲ್ಲಿ ಲ್ಯಾಂಡ್ ರೋವರ್ ಬಂದಾಗ ಯುದ್ಧದ ನಂತರದ ಬ್ರಿಟನ್‌ನಲ್ಲಿ ಉಕ್ಕಿನ ಅಭಾವವಿತ್ತು. ಹಾಗಾಗಿ ಬಾಡಿಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು, ಚಾಸಿಸ್ ಉಕ್ಕಿನದೇ ಆಯಿತು. ಅಂಥ ಗಾಡಿಯ ಹೊರಮೈ ದಶಕಗಳ ನಂತರವೂ ನೆಟ್ಟಗೇ ಇರುತ್ತದೆ, ಬೆನ್ನೆಲುಬು ಮಾತ್ರ ಕೊಳೆತಿರಬಹುದು.

ನೋಡಲು ಹೋಗುವಾಗ ಸಣ್ಣ ಸುತ್ತಿಗೆ, ಟಾರ್ಚು ಮತ್ತು ಆಯಸ್ಕಾಂತ ಒಯ್ಯಿರಿ. ತೊಲೆಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಒಮ್ಮೆ ಕೇಳಿದರೆ ಕಿವಿ ಮರೆಯುವುದಿಲ್ಲ. ಉಕ್ಕಿನ ಮೇಲೆ ದಪ್ಪ ಪುಟ್ಟಿ ಇದ್ದ ಕಡೆ ಆಯಸ್ಕಾಂತ ಹಿಡಿಯುವುದಿಲ್ಲ. ನನ್ನ ಚೀಲದಲ್ಲಿ ಅಂದು ಸುತ್ತಿಗೆ ಇತ್ತು. ಇನ್ನೊಬ್ಬರ ಗಾಡಿಯನ್ನು ಅವರ ಎದುರೇ ಬಡಿಯಲು ಸಂಕೋಚವಾಗಿ ಹೊರಗೆ ತೆಗೆಯಲಿಲ್ಲ. ಆ ಸಂಕೋಚ ನಿಮಗೆ ಬೇಡ. ಬಡಿಯಬೇಡಿ ಎಂದವರಿಗೆ ನಮಸ್ಕಾರ ಹೇಳಿ ಹೊರಟುಬಿಡಿ.

ನಾನು ತಲುಪಿದಾಗ ಬಾನೆಟ್ ಬೆಚ್ಚಗಿತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಳೆಯ ಎಂಜಿನ್‌ನ ರೋಗ ತಿಳಿಯುವುದು ತಣ್ಣಗಿರುವಾಗ ಚಾಲೂ ಮಾಡಿದರೆ. ಬರುವವರೆಗೆ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿ: 2309 ಎಂದಿದ್ದರೆ 2009ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಎಷ್ಟು ಆಳವಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಬಾರದು.

ಇನ್ನೊಂದು ನಷ್ಟ ಪೂರ್ತಿ ನನ್ನದೇ ತಪ್ಪಿನಿಂದ ಆದದ್ದು. ದೂರ ಓಡಿಸಿ ಬಂದವನು ನಿಲ್ಲಿಸದೆ ನೇರವಾಗಿ ಹಳ್ಳಕ್ಕಿಳಿಸಿದೆ. ಬಿಸಿಯಾಗಿದ್ದ ಡಿಫರೆನ್ಷಿಯಲ್ ಪೆಟ್ಟಿಗೆ (ಎಂಜಿನ್‌ನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ) ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲುಗಳ ಮೂಲಕ ನೀರನ್ನು ಒಳಕ್ಕೆ ಹೀರಿಕೊಂಡಿತು. ಗಾಳಿಯಾಡುವ ಕೊಳವೆ ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ವಾರಗಳ ನಂತರ ಆಯಿಲ್ ಇಳಿಸಿದರೆ ಹಾಲು ಕಲಸಿದಂತೆ ಬೆಳ್ಳಗೆ, ಮಂದವಾಗಿ ಬಂತು. ಬೇರಿಂಗ್‌ಗಳು ಅಷ್ಟರಲ್ಲಿ ತುಕ್ಕು ಹಿಡಿದಿದ್ದವು. ನೀರಿಗಿಳಿಯುವ ಮುನ್ನ ಗಾಡಿ ಆರಲಿ, ಆ ಕೊಳವೆಯನ್ನು ಎತ್ತರಕ್ಕೆ ಒಯ್ದು ಕಟ್ಟಿ, ನೀರಿಂದ ಬಂದ ಮೇಲೆ ಆಯಿಲ್ ನೋಡಿ.

ಚಾಸಿಸ್‌ನ ಹಿಂದಿನ ಅರ್ಧವನ್ನೇ ಕತ್ತರಿಸಿ ಹೊಸದು ಹಾಕಿಸಲು ಎಂಟು ತಿಂಗಳು ಹಿಡಿಯಿತು. ಖರ್ಚು ಕೊಂಡ ಬೆಲೆಯನ್ನು ಮೀರಿತು. ಚಾಸಿಸ್ ಸಂಖ್ಯೆ ಕೊರೆದಿದ್ದ ಭಾಗ ಮುಂದಿದ್ದು ಉಳಿದುಕೊಂಡದ್ದರಿಂದ ನೋಂದಣಿಯ ಗೋಜಲು ತಪ್ಪಿತು. ಮಾರಿದವರು ತಮಗೇನೂ ಗೊತ್ತಿರಲಿಲ್ಲ ಎಂದರು. ಆ ಪುಟ್ಟಿಯನ್ನು ಯಾರು ಮೆತ್ತಿದರು ಎಂಬುದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ.

ಇಂಥದ್ದೊಂದು ಗಾಡಿಯನ್ನು ಈಗಾಗಲೇ ಕೊಂಡಿದ್ದೀರಾದರೆ, ಮುಂದಿನ ಸವಾರಿಗೆ ಮುನ್ನ ಸಮತಟ್ಟಾದ ನೆಲದಲ್ಲಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಅದನ್ನು ನಿಲ್ಲಿಸಿ. ಬರೀ ಜಾಕ್ ನಂಬಿ ಯಾವತ್ತೂ ಅಡಿಗೆ ನುಸುಳಬೇಡಿ. ಬಸಿಯುವ ರಂಧ್ರಗಳಿಗೆ ತಂತಿ ಹಾಕಿ ಬಿಡಿಸಿ, ಒಳಗೆ ನೀರು ಹಾಯಿಸಿ. ಬರುವ ನೀರು ತಿಳಿಯಾಗುವ ತನಕ ಹಾಯಿಸುತ್ತಲೇ ಇರಿ, ಆಮೇಲೆ ಪೂರ್ತಿ ಒಣಗಲು ಬಿಡಿ. ಮಣ್ಣಿನ ಜೊತೆ ಚಕ್ಕೆಗಳು ಬಂದರೆ ಆ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಹೊತ್ತೊಯ್ಯುವ ವಾಹನ ತರಿಸಿ.