ಮಡಿಕೇರಿಯೋ, ಕುಶಾಲನಗರವೋ?

ಬೇರೆ ದೇಶಗಳ ಶಿಕ್ಷಣ ಮಂತ್ರಿಗಳ ಸಭೆ ಕೊಡಗಲ್ಲಿ ಮಾಡೋದಾದ್ರೆ ಎಲ್ಲಿ? ಮಡಿಕೇರಿ ಅಂದ್ರೆ ಮಂಜು, ರಾಜಾಸೀಟು, ಫೋಟೋಗೆ ಸೊಗಸು. ಆದರೆ ಮೈಸೂರಿಂದ ಸುಮಾರು 120 ಕಿ.ಮೀ., ಕೊನೆಗೆ ಬರೀ ಏರು, ತಿರುವು, ಮಂತ್ರಿಗಳ ಕಾರುಗಳ ಸಾಲು ಒಂದು ಮರದ ಲಾರಿ ಹಿಂದೆ ಸಿಕ್ಕಿಕೊಂಡರೆ ಬೆಳಗಿನ ಅಧಿವೇಶನ ಮಧ್ಯಾಹ್ನದ ಊಟಕ್ಕೆ ಹೋಗಿ ಸೇರುತ್ತದೆ. ಕೊಡಗಿಗೆ ರೈಲೂ ಇಲ್ಲವಲ್ಲ.

ಕುಶಾಲನಗರ ಅಷ್ಟು ಚಂದ ಇಲ್ಲ, ನಿಜ. ಆದರೆ ಸುಮಾರು 30 ಕಿ.ಮೀ. ಮೊದಲೇ ಸಿಗುತ್ತೆ, ಘಾಟಿ ಹತ್ತಬೇಕಿಲ್ಲ. ಪಕ್ಕದಲ್ಲೇ ಬೈಲುಕುಪ್ಪೆಯ ಟಿಬೆಟನ್ ನೆಲೆ. ಅತಿಥಿಗಳಲ್ಲಿ ಚೀನಾ ಇದ್ದರೆ ಅದನ್ನು ಮೊದಲೇ ಯೋಚಿಸಿ.

ಜಿ20 ಶಿಕ್ಷಣ ಮಂತ್ರಿಗಳು 2023ರಲ್ಲಿ ಪುಣೆಯಲ್ಲಿ ಸೇರಿದ್ದು ಜೂನ್ 22ಕ್ಕೆ. ಇಲ್ಲಿ ಜೂನ್ ಬೇಡಪ್ಪಾ! ಮಳೆಗೆ ಕರೆಂಟ್ ಹೋದರೆ ದುಭಾಷಿಗಳ ಮೈಕೂ ಸತ್ತಂತೆ. ಜನವರಿಯಲ್ಲಿ, ಕುಶಾಲನಗರದಲ್ಲೇ ಇಡಿ. ಮಡಿಕೇರಿಗೆ ಒಂದು ಸಂಜೆ ಕರ್ಕೊಂಡು ಹೋದರೆ ಸಾಕು.